ಲೈಕಾ ಹುಟ್ಟಿದ ಊರಿನಲ್ಲಿ ಬೆಳಕು ಅಳೆಯುತ್ತಾ: ವೆಟ್ಸ್‌ಲರ್‌ಗೆ ಫಿಲ್ಮ್ ಕ್ಯಾಮೆರಾ ಒಯ್ಯುವವರಿಗೆ

ಜರ್ಮನಿಯ ಹೆಸ್ಸೆ ರಾಜ್ಯದಲ್ಲಿ, ಲಾನ್ ನದಿಯ ದಂಡೆಯ ಮೇಲಿರುವ ವೆಟ್ಸ್‌ಲರ್ ಸಣ್ಣ ಊರು. ಆದರೆ 35 ಎಂ.ಎಂ. ಛಾಯಾಗ್ರಹಣವನ್ನು ಪ್ರೀತಿಸುವವರಿಗೆ ಅದು ತವರಿದ್ದಂತೆ. ಲೈಟ್ಸ್ ಕಂಪನಿಯ ಎಂಜಿನಿಯರ್ ಆಸ್ಕರ್ ಬರ್ನಾಕ್ 1914ರ ಸುಮಾರಿಗೆ ತಮ್ಮ ಮೊದಲ ಪುಟ್ಟ ಕ್ಯಾಮೆರಾವನ್ನು ರೂಪಿಸಿದ್ದು ಇಲ್ಲಿಯೇ. ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿದಷ್ಟು, ಅಂದರೆ 24×36 ಮಿ.ಮೀ. ಅಳತೆಯ ಚಿತ್ರ ತೆಗೆಯುತ್ತಿದ್ದ ಆ ಕ್ಯಾಮೆರಾದ ಮಾರಾಟಕ್ಕೆ ಸಿದ್ಧವಾದ ರೂಪ ಲೈಕಾ ಎಂಬ ಹೆಸರಿನಲ್ಲಿ 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಜನರ ಮುಂದೆ ಬಂತು. ಸಿನಿಮಾ ಫಿಲ್ಮಿನ ಎಕ್ಸ್‌ಪೋಷರ್, ಅಂದರೆ ಫಿಲ್ಮಿಗೆ ಕೊಡುವ ಬೆಳಕಿನ ಪ್ರಮಾಣ, ಪರೀಕ್ಷಿಸಲೆಂದೇ ಬರ್ನಾಕ್ ಅದನ್ನು ಮಾಡಿಕೊಂಡಿದ್ದರು ಎಂಬ ವಿವರಣೆಯೂ ಪ್ರಚಲಿತದಲ್ಲಿದೆ. ನಾವು ಕೆಲವು ಗೆಳೆಯರು ಅಲ್ಲಿಗೆ ಹೋದ ಉದ್ದೇಶವೂ ಎಕ್ಸ್‌ಪೋಷರಿಗೇ ಸಂಬಂಧಿಸಿದ್ದು: ಒಂದೇ ದೃಶ್ಯದ ಬೆಳಕನ್ನು ಬೇರೆ ಬೇರೆ ವಿಧಾನಗಳಲ್ಲಿ ಅಳೆದು ಚಿತ್ರ ತೆಗೆಯುವುದು, ಆಮೇಲೆ ಆ ಚಿತ್ರಗಳನ್ನು ಹಂಚಿಕೊಂಡು ಹೋಲಿಸಿ ನೋಡುವುದು.

ಹೊರಡುವ ಮುನ್ನ ಗಮನಿಸಬೇಕಾದದ್ದು ವಿಮಾನ ನಿಲ್ದಾಣದ ತಪಾಸಣೆ. ಫಿಲ್ಮ್ ರೋಲುಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಎಂದಿಗೂ ಇಡಬೇಡಿ; ಅಲ್ಲಿನ ಬಲವಾದ ಎಕ್ಸ್-ರೇ ಫಿಲ್ಮನ್ನು ಹಾಳುಮಾಡುತ್ತದೆ. ಕೈಚೀಲಗಳಿಗೂ ಈಗ ಅನೇಕ ಕಡೆ ಅಷ್ಟೇ ಅಪಾಯದ ಸಿ.ಟಿ. ಸ್ಕ್ಯಾನರ್ ಬಂದಿರುವುದರಿಂದ, ರೋಲುಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿಕೊಂಡು, ಕೈಯಿಂದಲೇ ಪರೀಕ್ಷಿಸುವಂತೆ ವಿನಯದಿಂದ ಕೇಳಿಕೊಳ್ಳುವುದು ಕ್ಷೇಮ. ಫ್ರಾಂಕ್‌ಫರ್ಟ್‌ನಿಂದ ವೆಟ್ಸ್‌ಲರ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಳೆಯ ಊರು ಕಲ್ಲು ಹಾಸಿದ ಏರು ಓಣಿಗಳದ್ದಾದ್ದರಿಂದ ಭಾರ ಕಡಿಮೆಯಿದ್ದಷ್ಟೂ ಒಳ್ಳೆಯದು. ಒಂದು ಕ್ಯಾಮೆರಾ, ಒಂದು 50 ಎಂ.ಎಂ. ಲೆನ್ಸ್, ಕೈಯಲ್ಲಿ ಹಿಡಿಯುವ ಒಂದು ಲೈಟ್ ಮೀಟರ್ ಮತ್ತು ಒಂದು ನೋಟ್‌ಬುಕ್ ಧಾರಾಳವಾಗಿ ಸಾಕು.

ಮೊದಲು ಐಸೆನ್‌ಮಾರ್ಕ್ಟ್ ಚೌಕಕ್ಕೆ ಹೋಗಿ. ಬರ್ನಾಕ್ ತಮ್ಮ ಕ್ಯಾಮೆರಾದಿಂದ ಚಿತ್ರ ತೆಗೆದ ತಾಣವನ್ನು ಅಲ್ಲಿ ಗುರುತಿಸಲಾಗಿದೆ. ಕಡುಬಣ್ಣದ ಮರದ ತೊಲೆಗಳ ನಡುವೆ ಬಿಳಿ ಗಾರೆ ತುಂಬಿದ ಮನೆಗಳು ಇಂದಿಗೂ ಸುತ್ತ ನಿಂತಿವೆ. ಬೆಳಕು ಅಳೆಯುವುದನ್ನು ಕಲಿಯಲು ಇಂಥ ಗೋಡೆಗಿಂತ ಉತ್ತಮವಾದ ಪಾಠ ಸಿಗಲಾರದು. ವಸ್ತುವಿನಿಂದ ಮರಳಿ ಬರುವ ಬೆಳಕನ್ನು ಅಳೆಯುವ ಯಾವ ಮೀಟರಾದರೂ ತಾನು ನೋಡುತ್ತಿರುವುದೆಲ್ಲ ನಡುಬೂದು ಬಣ್ಣದ್ದು ಎಂದೇ ಭಾವಿಸುತ್ತದೆ. ಈ ಗೋಡೆಯಲ್ಲಿ ನಡುಬೂದು ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ತೆಳುಮೋಡದ ಬಿಸಿಲಿನಲ್ಲಿ, 100 ಐ.ಎಸ್.ಒ. (ಬೆಳಕಿಗೆ ಫಿಲ್ಮಿನ ಸಂವೇದನೆಯ ಅಳತೆ) ಸ್ಲೈಡ್ ಫಿಲ್ಮಿಗೆ, ಅಂದರೆ ನೆಗೆಟಿವ್ ಇಲ್ಲದೆ ನೇರವಾಗಿ ಚಿತ್ರ ಮೂಡುವ ಫಿಲ್ಮಿಗೆ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು) ಎಫ್/11ರಲ್ಲೇ ಇಟ್ಟು ನಾವು ಅಳೆದೆವು. ದೃಶ್ಯದ ಒಂದು ಚಿಕ್ಕ ಭಾಗವನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಬಿಳಿ ಗಾರೆಗೆ ಹಿಡಿದಾಗ ಷಟರ್ ವೇಗ 1/500 ಸೆಕೆಂಡ್ ಎಂದು ತೋರಿಸಿತು. ತೊಲೆಗೆ ಹಿಡಿದಾಗ 1/15. ಒಂದೇ ಗೋಡೆಯಲ್ಲಿ ಐದು ಸ್ಟಾಪ್ ಅಂತರ! (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ.) ಮನೆಯ ಮೇಲೆ ಬೀಳುವ ಬೆಳಕನ್ನೇ ಅಳೆಯಲು ಬಿಳಿ ಗುಮ್ಮಟದ ಇನ್ಸಿಡೆಂಟ್ ಮೀಟರನ್ನು ಗೋಡೆಯ ಬಳಿ ಕ್ಯಾಮೆರಾದತ್ತ ತಿರುಗಿಸಿ ಹಿಡಿದಾಗ 1/125 ಬಂತು. ಚೌಕಟ್ಟಿನಲ್ಲಿ ಆಕಾಶವೂ ಸೇರಿದ್ದಾಗ ಕ್ಯಾಮೆರಾದೊಳಗಿನ ಸರಾಸರಿ ಮೀಟರ್ 1/250 ಎಂದಿತು. ತೊಳೆದು ಬಂದ ಸ್ಲೈಡುಗಳನ್ನು ಲೈಟ್ ಬಾಕ್ಸಿನ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ರಾಚುತ್ತದೆ: 1/500ರಲ್ಲಿ ಗಾರೆ ಮಂಕು ಬೂದಿಯ ಬಣ್ಣಕ್ಕಿಳಿದಿದೆ, 1/250ರಲ್ಲಿ ತೊಲೆಯ ಬಿರುಕುಗಳು ಕಪ್ಪಿನಲ್ಲಿ ಮುಳುಗಿವೆ, 1/125ರಲ್ಲಿ ಗಾರೆಯ ಒರಟುತನವೂ ಮರದ ಎಳೆಗಳೂ ಒಟ್ಟಿಗೆ ಉಳಿದಿವೆ. ಸ್ಪಾಟ್ ಮೀಟರೇ ಕೈಯಲ್ಲಿದ್ದರೆ ಗಾರೆಯನ್ನು ಅಳೆದು ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಿ. ಬಂದು ನಿಲ್ಲುವುದು ಅದೇ 1/125ಕ್ಕೆ.

ಇನ್ಸಿಡೆಂಟ್ ಮೀಟರ್ ಎಲ್ಲ ಕಡೆಯೂ ಗೆಲ್ಲುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. ಊರಿನ ದೊಡ್ಡ ಚರ್ಚು ಶತಮಾನಗಳಿಂದ ಅರ್ಧಕ್ಕೇ ನಿಂತ ಕಟ್ಟಡ. ಅದರ ಒಳಗೆ ಕಿಟಕಿಯ ಬಳಿಯ ಬೆಳಕಿಗೂ ಕಂಬದ ಹಿಂದಿನ ಬೆಳಕಿಗೂ ಸಂಬಂಧವೇ ಇಲ್ಲ. ನೀವು ನಿಂತಲ್ಲಿ ಅಳೆದದ್ದು ದೂರದ ಮೂಲೆಗೆ ಅನ್ವಯಿಸದು, ಆ ಮೂಲೆಯವರೆಗೆ ಹೋಗಲು ಯಾವಾಗಲೂ ಅವಕಾಶವಿರದು. ಇಲ್ಲಿ ಸ್ಪಾಟ್ ಮೀಟರೇ ಸರಿ. ಹೊರಗೆ ನದಿಯಾಚೆಯಿಂದ ಊರನ್ನು ತೆಗೆಯುವಾಗ ಮಾತ್ರ ದೂರದ ಚಿಂತೆ ಬೇಡ. ನಿಮ್ಮ ಮೇಲೆ ಬೀಳುವ ಬಿಸಿಲೇ ಅಲ್ಲಿಯೂ ಬೀಳುತ್ತಿದ್ದರೆ ಇನ್ಸಿಡೆಂಟ್ ಮೀಟರಿನಿಂದ ನಿಂತಲ್ಲೇ ಅಳೆಯಬಹುದು.

ಮೀಟರೇ ಇಲ್ಲದೆ ತೆಗೆಯುವವರು ನೆಚ್ಚುವುದು ಎಫ್/16 ಸೂತ್ರವನ್ನು: ಪ್ರಖರ ಬಿಸಿಲಿನಲ್ಲಿ ಎಫ್/16, ಷಟರ್ ವೇಗ ಫಿಲ್ಮಿನ ಐ.ಎಸ್.ಒ. ಸಂಖ್ಯೆಗೆ ಹತ್ತಿರದ್ದು (100ಕ್ಕೆ 1/125 ಸೆಕೆಂಡ್). ಆದರೆ ಈ ಊರು 50 ಡಿಗ್ರಿ ಉತ್ತರ ಅಕ್ಷಾಂಶಕ್ಕೂ ತುಸು ಮೇಲಿದೆ. ಚಳಿಗಾಲದಲ್ಲಿ ನಡುಮಧ್ಯಾಹ್ನವೂ ಸೂರ್ಯ ತಗ್ಗಿನಲ್ಲೇ ಇರುವುದರಿಂದ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡುವುದು ಲೇಸು. ನೆರಳಿನ ಓಣಿಗಳಲ್ಲಿ ಸೂತ್ರವನ್ನು ಬದಿಗಿಟ್ಟು ಮೀಟರನ್ನೇ ನಂಬಿ. ಹಳೆಯ ಕ್ಯಾಮೆರಾ ಒಯ್ಯುವವರು ಅದು 1.35 ವೋಲ್ಟಿನ ಪಾದರಸದ ಬ್ಯಾಟರಿಗಾಗಿ ಮಾಡಿದ್ದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಅಂಥ ಕೆಲವು ಕ್ಯಾಮೆರಾಗಳಲ್ಲಿ ಇಂದಿನ 1.5 ವೋಲ್ಟಿನ ಬ್ಯಾಟರಿ ಹಾಕಿದರೆ ಮೀಟರಿನ ಲೆಕ್ಕವೇ ತಪ್ಪುತ್ತದೆ.

ಹಂಚಿಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾದದ್ದು. ಮೀಟರುಗಳನ್ನು ಹೋಲಿಸುವ ಉದ್ದೇಶವಿದ್ದರೆ ಸ್ಲೈಡ್ ಫಿಲ್ಮನ್ನೇ ಬಳಸಿ. ಕಲರ್ ನೆಗೆಟಿವ್ ಒಂದೆರಡು ಸ್ಟಾಪ್ ಹೆಚ್ಚು ಬೆಳಕನ್ನು ನಿರಾಯಾಸವಾಗಿ ತಾಳಿಕೊಳ್ಳುತ್ತದೆ. ಮೇಲಾಗಿ ಲ್ಯಾಬಿನ ಸ್ಕ್ಯಾನರ್ ಪ್ರತಿ ಚೌಕಟ್ಟನ್ನೂ ತಾನಾಗಿ ಸರಿಪಡಿಸಿಬಿಡುವುದರಿಂದ, ನೀವು ಹಂಚಿಕೊಳ್ಳುವುದು ಮೀಟರಿನ ತೀರ್ಪನ್ನಲ್ಲ, ಸ್ಕ್ಯಾನರಿನ ತೀರ್ಪನ್ನು. ನೆಗೆಟಿವನ್ನೇ ಬಳಸುವುದಾದರೆ ಇಡೀ ರೋಲನ್ನು ಒಂದೇ ಸೆಟ್ಟಿಂಗಿನಲ್ಲಿ, ಯಾವ ತಿದ್ದುಪಡಿಯೂ ಇಲ್ಲದೆ ಸ್ಕ್ಯಾನ್ ಮಾಡಲು ಲ್ಯಾಬಿನವರಿಗೆ ಬರೆದು ಕೊಡಿ, ಇಲ್ಲವೇ ಕಾಂಟ್ಯಾಕ್ಟ್ ಶೀಟ್ (ಇಡೀ ರೋಲಿನ ಚೌಕಟ್ಟುಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿದ್ದು) ಕೇಳಿ. ಪ್ರತಿ ಚೌಕಟ್ಟಿನ ಸಂಖ್ಯೆ, ಮೀಟರ್ ಎಲ್ಲಿಗೆ ಹಿಡಿದಿರಿ, ಅದು ಏನು ತೋರಿಸಿತು, ನೀವು ಏನು ಕೊಟ್ಟಿರಿ ಎಂಬುದನ್ನು ಷಟರ್ ಒತ್ತುವ ಮೊದಲೇ ಬರೆದಿಡಿ. ಸಂಜೆ ನೆನಪಿನಿಂದ ಬರೆದ ಟಿಪ್ಪಣಿ ಹೋಲಿಕೆಗೆ ಬರುವುದಿಲ್ಲ.

ಚಿತ್ರಗಳನ್ನು ಮುಂದಿಡುವಾಗ ಯಾವುದು ಯಾವ ವಿಧಾನದ್ದೆಂದು ಮೊದಲೇ ಹೇಳದೆ, ಎಲ್ಲರೂ ತಮಗೆ ಹಿಡಿಸಿದ್ದನ್ನು ಆರಿಸಿದ ಮೇಲೆ ನೋಟ್‌ಬುಕ್ ತೆರೆಯಿರಿ. ನಾವು ಹಾಗೆ ಮಾಡಿದಾಗ ಐಸೆನ್‌ಮಾರ್ಕ್ಟ್‌ನ ಮನೆಗೆ ಹೆಚ್ಚಿನವರು ಇನ್ಸಿಡೆಂಟ್ ಮೀಟರಿನ ಚಿತ್ರವನ್ನೂ, ಚರ್ಚಿನ ಒಳಭಾಗಕ್ಕೆ ಸ್ಪಾಟ್ ಮೀಟರಿನ ಚಿತ್ರವನ್ನೂ ಆರಿಸಿದರು. ನದಿಯಾಚೆಯ ನೋಟದಲ್ಲಿ ಮಾತ್ರ ಎಫ್/16 ಸೂತ್ರದ ಸ್ಲೈಡನ್ನು ಮೀಟರಿನ ಸ್ಲೈಡಿನಿಂದ ಬೇರ್ಪಡಿಸಲು ಯಾರಿಗೂ ಸಾಧ್ಯವಾಗಲಿಲ್ಲ.