ಆ 22 ಸಹಿಗಳು

ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಮನೆ ತಿರುಗಿದ ಆ ಸಂಜೆ ನನ್ನ ಚುರುಕುತನದ ಬಗ್ಗೆ ನನಗೇ ಹೆಮ್ಮೆಯಿತ್ತು. ಗ್ರಾಮ ಅರಣ್ಯ ಸಮಿತಿಯ ಸಾಮಾನ್ಯ ಸಭೆ ಬೆಳಿಗ್ಗೆಯೇ ಮುಗಿದಿತ್ತು. ಮಾರ್ಚ್ ಕಳೆಯುವುದರೊಳಗೆ, ಊರಿನ ಕಾಡನ್ನು ಹೇಗೆ ನೋಡಿಕೊಳ್ಳಬೇಕು ಎಂದು ಬರೆದಿಡುವ ಸೂಕ್ಷ್ಮ ಯೋಜನೆಯ ಕಡತ ವಲಯ ಕಚೇರಿಗೆ ತಲುಪಬೇಕಿತ್ತು. ಗಂಡಸರಿಂದ ಸಭೆ ತುಂಬಿತ್ತು. ಹೆಂಗಸರು ಬಂದಿದ್ದು 9 ಮಂದಿ, ಬೇಕಾಗಿದ್ದು 31.

ನಮ್ಮ ಸಂಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ ‘ಮಹಿಳಾ ಹಾಜರಿ’ ಎಂಬ ಚೌಕವಿದೆ. ಶೇ 50 ಮುಟ್ಟುವವರೆಗೂ ಅದು ಕೆಂಪಗಿರುತ್ತದೆ. ಕೆಂಪಗಿದ್ದರೆ ವರದಿ ಮುಂದಕ್ಕೆ ಹೋಗುವುದಿಲ್ಲ. ಆ ಸಂಖ್ಯೆಯ ಮೂಲ, ಅರಣ್ಯ ಇಲಾಖೆಯೂ ಊರಿನವರೂ ಸೇರಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ನಿರ್ವಹಣೆಗೆಂದು ಕೇಂದ್ರ ಸರ್ಕಾರ 2000ದ ಫೆಬ್ರವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ: ಸಾಮಾನ್ಯ ಸಭೆಯ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಸಭೆ ನಡೆಯಬೇಕಾದರೆ ಅವರ ಹಾಜರಿ ಶೇ 50 ಇರಬೇಕು, ಕಾರ್ಯಕಾರಿ ಸಮಿತಿಯಲ್ಲಿ ಶೇ 33 ಸ್ಥಾನ ಅವರದಾಗಬೇಕು, ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಹುದ್ದೆಗಳಲ್ಲಿ ಒಂದಾದರೂ ಅವರಿಗೆ ಸಿಗಬೇಕು. ಒಳ್ಳೆಯ ಮಾತೇ. ಆದರೆ ಸಭೆ ಯಾರ ಅನುಕೂಲದ ಹೊತ್ತಿಗೆ ನಡೆಯಿತು ಎಂದು ಕೇಳುವ ಚೌಕ ನಮ್ಮ ಆ್ಯಪ್‌ನಲ್ಲಿಲ್ಲ. ಅಧಿಕಾರಿಗಳಿಗೆ ಬೆಳಿಗ್ಗೆ 11 ಅನುಕೂಲ ಎಂದರು, ಹಾಗೇ ಕರೆದೆವು. ಆ ಹೊತ್ತಿಗೆ ಹೆಂಗಸರು ಕಾಡಿನಲ್ಲಿದ್ದರು. ಯಾವ ಕಾಡಿನ ಬಗ್ಗೆ ಸಭೆಯೋ, ಅದೇ ಕಾಡಿನಲ್ಲಿ.

‘ಬೆಳಿಗ್ಗೆ ಬರಲಾಗಲಿಲ್ಲವಲ್ಲ ಅಕ್ಕಾ, ಇಲ್ಲೊಂದು ಸಹಿ ಹಾಕಿಬಿಡಿ’ ಎನ್ನುತ್ತಿದ್ದೆ. ಏನಿದು ಎಂದು ಕೇಳಿದವರಿಗೆ ‘ಕಾಡು ಉಳಿಸುವುದಕ್ಕೆ’ ಎಂದೆ. ಸುಳ್ಳನ್ನೇನೂ ಹೇಳಲಿಲ್ಲ, ಹೇಳಬೇಕಾದ್ದನ್ನೂ ಹೇಳಲಿಲ್ಲ. ಒಬ್ಬಾಕೆ ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಪೆನ್ನು ಹಿಡಿದು ಸಹಿ ಹಾಕಿದಳು. ಪುಟದ ಮೂಲೆಯಲ್ಲಿ ನೀರಿನ ಕಲೆ ಉಳಿಯಿತು. ಪುಸ್ತಕ ಕೊಳೆಯಾಯಿತಲ್ಲ ಎಂಬುದಷ್ಟೇ ಆಗ ನನ್ನ ಚಿಂತೆ. ಕತ್ತಲಾಗುವಷ್ಟರಲ್ಲಿ 22 ಸಹಿ ಸೇರಿದವು, ಚೌಕ ಹಸಿರಾಯಿತು. ನಾನೂ ಹೆಂಗಸಲ್ಲವೇ, ಇವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದುಕೊಂಡು ನಿದ್ದೆ ಮಾಡಿದೆ.

ನಾನು ಹೇಳದೇ ಬಿಟ್ಟದ್ದು 4ನೇ ಠರಾವು. ಊರಿಗೆ ಅಂಟಿಕೊಂಡಿರುವ ಕಾಡಿನ ಬ್ಲಾಕ್ ಐದು ವರ್ಷ ಪೂರ್ತಿ ಬಂದ್. ಮೇವು, ಸೊಪ್ಪು, ಕಟ್ಟಿಗೆ ಏನನ್ನೂ ತರುವಂತಿಲ್ಲ. ಬೆಳಗಿನ ಸಭೆಯಲ್ಲಿ ಇದಕ್ಕೆ ತಕರಾರೇ ಬರಲಿಲ್ಲ. ಬರುವುದಾದರೂ ಹೇಗೆ? ಗಂಡಸರಿಗೆ ಬೇಕಾದ ಕಂಬ, ಗಳ ದೂರದ ಬ್ಲಾಕ್‌ನಲ್ಲಿ ಸಿಗುತ್ತದೆ, ಅದೂ ಯಾವಾಗಲೋ ಒಮ್ಮೆ ಬೇಕಾಗುವಂಥದ್ದು. ಕಟ್ಟಿಗೆ ದಿನವೂ ಬೇಕು. ಹತ್ತಿರದ ಕಾಡು ಮುಚ್ಚಿದರೆ ನಡಿಗೆ ಉದ್ದವಾಗುವುದು ಹೆಂಗಸರಿಗೆ.

ಇಷ್ಟೂ ನನಗೆ ಗೊತ್ತಿತ್ತು ಎಂಬುದೇ ಹೆಚ್ಚು ಚುಚ್ಚುತ್ತದೆ. ಅದೇ ತಿಂಗಳು ಹೊಸಬರ ತರಬೇತಿಯಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 2001ರಲ್ಲಿ ವಿಂಗಡಿಸಿದ ಭಾಗವಹಿಸುವಿಕೆಯ ಆರು ಹಂತಗಳನ್ನು ಪರದೆಯ ಮೇಲೆ ತೋರಿಸಿ ಪಾಠ ಮಾಡಿದ್ದೆ. ಎಲ್ಲಕ್ಕಿಂತ ಕೆಳಗಿನದು ಹೆಸರಿಗಷ್ಟೇ ಸದಸ್ಯತ್ವ, ಅದರ ಮೇಲಿನದು ಬಂದು ಸುಮ್ಮನೆ ಕೇಳಿಸಿಕೊಳ್ಳುವುದು. ತುತ್ತತುದಿಯಲ್ಲಿ ದನಿಯೂ ಇದೆ, ತೀರ್ಮಾನದ ಮೇಲೆ ಹಿಡಿತವೂ ಇದೆ. ಪಾಠ ಮುಗಿಸಿದ್ದಕ್ಕೆ ಚಪ್ಪಾಳೆಯೂ ಬಿದ್ದಿತ್ತು.

ಎರಡು ತಿಂಗಳ ಮೇಲೆ ಕಾರ್ಯಕಾರಿ ಸಮಿತಿ ಸಭೆ ನಡೆಯುತ್ತಿದ್ದಾಗ ಒಬ್ಬಾಕೆಯನ್ನು ಕಾಡು ಕಾಯುವ ವಾಚರ್ ಕರೆತಂದ. ತಲೆಯ ಮೇಲೆ ಹೊರೆ, ಅವಳ ಕತ್ತಿ ಅವನ ಕೈಯಲ್ಲಿ. ಬಂದ್ ಆದ ಬ್ಲಾಕ್‌ನಲ್ಲಿ ಸಿಕ್ಕಿಬಿದ್ದಿದ್ದಳು. ಆಕೆ ಹೊರೆಯನ್ನು ಸರಿಯಾಗಿ ಮೇಜಿನ ಮುಂದೆ ಇಳಿಸಿದಳು, ಸಿಂಬಿಯನ್ನು ಬಿಚ್ಚಿ ಕೊಡವಿ ಹೆಗಲಿಗೆ ಹಾಕಿಕೊಂಡಳು. ಕಾರ್ಯದರ್ಶಿ ಗೆದ್ದವರ ಹಾಗೆ ಪುಸ್ತಕ ತೆರೆದು ಬೆರಳಿಟ್ಟರು.

‘ನೀನೇ ಅಲ್ಲವೇನಮ್ಮ ಸಹಿ ಹಾಕಿದ್ದು?’

ಆಕೆ ಬಗ್ಗಿ ನೋಡಿದಳು. ‘ನಾನೇ. ಆವತ್ತು ಕೈ ಒದ್ದೆಯಿತ್ತು, ಕಲೆ ಇಲ್ಲೇ ಇದೆ.’ ಆಮೇಲೆ ನನ್ನ ಕಡೆ ತಿರುಗಿದಳು. ‘ಮೇಡಂ, ಇದನ್ನು ತಂದವರು ನೀವು. ಮೇಲೆ ಏನು ಬರೆದಿದೆ, ಓದಿ.’

ನಾನು ಸಾರಾಂಶ ಹೇಳಲು ಹೋದೆ. ಕಾಡು ಮತ್ತೆ ಚಿಗುರಬೇಕು, ಅದಕ್ಕೆ ಸ್ವಲ್ಪ ಕಾಲ... ‘ಹಾಗಲ್ಲ. ಬರೆದದ್ದನ್ನು ಬರೆದ ಹಾಗೇ ಓದಿ.’

ಓದಿದೆ. ಅಕ್ಷರ ನನ್ನದೇ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಗಂಟಲು ಒಣಗಿತ್ತು: ‘ಮಹಿಳಾ ಸದಸ್ಯರೊಂದಿಗೆ ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಎಲ್ಲ ಠರಾವಿಗೂ ಅಂಟಿಸುವ ಬಾಲ ಅದು. ಯೋಚಿಸದೆ ಬರೆದಿದ್ದೆ.

‘ಎಷ್ಟು ಹೊತ್ತು ಚರ್ಚೆ ಮಾಡಿದೆವು ಮೇಡಂ, ನಾವಿಬ್ಬರು?’

ಹಿಂದೆ ಯಾರೋ ನಕ್ಕರು. ವಾಚರ್ ಕತ್ತಿಯನ್ನು ಮೇಜಿನ ಮೇಲೆ ಇಟ್ಟುಬಿಟ್ಟ. ನಾನು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದೆ. ಎದುರಿಗಿದ್ದ ಹೊರೆ ನೋಡಿದೆ. ಒಂದೂ ಹಸಿ ಕೊಂಬೆ ಇರಲಿಲ್ಲ, ಎಲ್ಲ ಉದುರಿದ ಒಣ ಕಟ್ಟಿಗೆ. ಚಿಗುರು ಕಾಯುವ ಠರಾವಿಗೆ ಆ ಹೊರೆಯಿಂದ ಯಾವ ನಷ್ಟವೂ ಆಗಿರಲಿಲ್ಲ. ‘ಎರಡು ನಿಮಿಷ’ ಎಂದೆ. ಅದೂ ಹೆಚ್ಚಾಯಿತೇನೋ.

ಆಕೆಗೆ ದಂಡ ಬೇಡ ಎಂದರೆ ಸಹಿ ಊರ್ಜಿತವಲ್ಲ ಎಂದು ಒಪ್ಪಬೇಕು, ಸಹಿ ಊರ್ಜಿತವಲ್ಲದಿದ್ದರೆ ಯೋಜನೆಯೂ ಅಲ್ಲ. ಒಪ್ಪಿದೆ. ಆ ರಾತ್ರಿ ಮೇಲಧಿಕಾರಿ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಬಹುದು: ಅವರಿಗೆ ನಾನು ಸಹಿ ತಂದದ್ದು ತಪ್ಪಾಗಿ ಕಾಣಲಿಲ್ಲ, ಅದನ್ನು ಬಾಯಿಬಿಟ್ಟದ್ದು ತಪ್ಪಾಗಿ ಕಂಡಿತು.

ಮರುಸಭೆಯ ಹೊತ್ತನ್ನು ಹೆಂಗಸರೇ ಗೊತ್ತು ಮಾಡಿದರು. 34 ಮಂದಿ ಬಂದರು. ಆ ಬೆಳಿಗ್ಗೆ ಬಾಯಿ ತೆರೆಯದ 9 ಮಂದಿಯೂ ಅವರಲ್ಲಿದ್ದರು, ಈ ಸಲ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು. ಭಾರತ ಮತ್ತು ನೇಪಾಳದ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದ ಅಗರ್ವಾಲ್ ಕೂಡ ಕಾರ್ಯಕಾರಿ ಸಮಿತಿಯಲ್ಲಿ ಮಹಿಳೆಯರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟಾದಾಗ ಬರುವುದೂ ಮಾತನಾಡುವುದೂ ಹೆಚ್ಚುತ್ತದೆ ಎಂದು ಕಂಡುಕೊಂಡಿದ್ದಾರೆ. ಆ ಪುಟವನ್ನೂ ಪರದೆಯ ಮೇಲೆ ತೋರಿಸಿದ್ದೆ, ಇರಲಿ.

ಬ್ಲಾಕ್ ಮುಚ್ಚುವುದಕ್ಕೆ ಅವರ ವಿರೋಧವೇ ಇರಲಿಲ್ಲ. ಮೋಟುಗಳು ಚಿಗುರುತ್ತಿರುವುದು ಹಳ್ಳದ ಕೆಳಗಿನ ಅರ್ಧದಲ್ಲಿ, ಮೊದಲು ಅದನ್ನು ಮುಚ್ಚಿ, ಮೇಲಿನ ಅರ್ಧದಲ್ಲಿ ವಾರಕ್ಕೆರಡು ದಿನ ಒಣ ಕಟ್ಟಿಗೆಗೆ ಬಿಡಿ ಎಂದರು. ನಮ್ಮ ನಕ್ಷೆಯಲ್ಲಿ ಹಳ್ಳವೇ ತಪ್ಪು ಜಾಗದಲ್ಲಿತ್ತು. ಅದನ್ನೂ ತಿದ್ದಿಸಿದರು.

ಈಗ ಆಕೆ ಪ್ರತಿ ಸಭೆಯ ಕೊನೆಗೂ ‘ಓದಿ’ ಎನ್ನುತ್ತಾಳೆ. ಪೂರ್ತಿ ಓದದೆ ಯಾರೂ ಪೆನ್ನು ಮುಟ್ಟುವುದಿಲ್ಲ. ಕಳೆದ ಬಾರಿ ಅದಕ್ಕೇ 40 ನಿಮಿಷ ಹಿಡಿಯಿತು, ಕಾರ್ಯದರ್ಶಿ ಆಕಳಿಸಿದರು, ನನಗೂ ಆಕಳಿಕೆ ಬಂತು. ಮಹಿಳಾ ಹಾಜರಿ ಶೇ 46. ಚೌಕ ಕೆಂಪಗಿದೆ, ವರದಿ ನನ್ನ ಮೊಬೈಲ್‌ನಲ್ಲೇ ಕುಳಿತಿದೆ, ಕಚೇರಿಯಿಂದ ದಿನಕ್ಕೆರಡು ಕರೆ ಬರುತ್ತಿವೆ.