ಮೇ, ಶುಡ್, ಕ್ಯಾನ್ ಆದ್ಮೇಲೆ ಗೋ ಅಪ್, ಪಿಕ್ ಅಪ್

ಕೋಲಾರದ ಎಪಿಎಂಸಿಲಿ ಟೊಮ್ಯಾಟೊ ಸೀಸನ್ ಟೈಮಲ್ಲಿ ಯಾರನ್ನ ಕೇಳಿದ್ರೂ ನಾಳೆ ರೇಟ್ ಏರ್ಬೋದು ಇಲ್ಲಾ ಇಳೀಬೋದು ಅಂತಾರೆ. ಇದನ್ನೇ ಇಂಗ್ಲಿಷಲ್ಲಿ ಹೇಳಪ್ಪ ಅಂದ್ರೆ ನಮ್ಮ ಕಡೆ ಡಿಗ್ರಿ ಹುಡುಗ್ರು ತುಂಬಾ ಜನ 'ದ ಪ್ರೈಸ್ ಮೇ ಗೋಸ್ ಅಪ್' ಅಂತಾರೆ, ಇನ್ನೂ ಕೆಲವ್ರು 'ಮೇ ಟು ಗೋ ಅಪ್' ಅಂತಾರೆ. ಸರಿಯಾಗಿರೋದು 'ದ ಪ್ರೈಸ್ ಮೇ ಗೋ ಅಪ್'. ಕ್ಯಾನ್, ಕುಡ್, ವಿಲ್, ವುಡ್, ಶುಡ್, ಮೇ, ಮೈಟ್, ಮಸ್ಟ್ ಇವು ಬಂದ್ಮೇಲೆ ಕ್ರಿಯಾಪದ ಬರೀ ಮೂಲ ರೂಪದಲ್ಲೇ ಇರುತ್ತೆ, ಎಸ್ ಇಲ್ಲ, ಇಂಗ್ ಇಲ್ಲ, ಮುಂದೆ ಟು ಇಲ್ಲ, ಗೋ ಅಪ್ ಥರದ ಕ್ರಿಯಾಪದದ ಜೊತೆಗಿರೋ ಅಪ್, ಆಫ್, ಔಟ್ ಯಾವ ಕಾಲದಲ್ಲೂ ಬದಲಾಗಲ್ಲ.

ಇದು ನಮಗೆ ಕಷ್ಟ ಆಗಲೇಬಾರ್ದು ಅಂತ ನನಗೆ ಬಲವಾಗಿ ಅನ್ಸುತ್ತೆ. ನಾನು ಏಳ್ಬೇಕು, ಅವ್ನು ಏಳ್ಬೇಕು, ಅವ್ರೂ ಏಳ್ಬೇಕು, ಯಾರಾದ್ರೂ 'ಬೇಕು' ಅನ್ನೋದು 'ಬೇಕು' ಅಂತಾನೇ ಇರುತ್ತೆ ಅಲ್ವಾ. ನಮ್ಮೂರ ಕಡೆ ತೆಲುಗು ಮಾತಾಡೋ ಮನೆಗಳಲ್ಲೂ ನೇನು ಲೇವಾಲಿ, ವಾಡು ಲೇವಾಲಿ ಅಂತ ಒಂದೇ ರೂಪ. ಇಂಗ್ಲಿಷಲ್ಲೂ ಹಂಗೇ, ಐ ಮಸ್ಟ್ ಗೆಟ್ ಅಪ್, ಹಿ ಮಸ್ಟ್ ಗೆಟ್ ಅಪ್. ವ್ಯತ್ಯಾಸ ಏನಂದ್ರೆ ನಮ್ದು ಕ್ರಿಯಾಪದದ ಬಾಲಕ್ಕೆ ಅಂಟ್ಕೊಳುತ್ತೆ, ಅವ್ರದ್ದು ಮುಂದೆ ನಿಲ್ಲುತ್ತೆ. ಇದನ್ನ ಮಕ್ಕಳಿಗೆ ಮನೆ ಭಾಷೆಯಿಂದ್ಲೇ ತೋರ್ಸಿದ್ರೆ ಬೇಗ ಹಿಡೀತಾರೆ, ಚಾರ್ಟ್ ಬಾಯಿಪಾಠ ಮಾಡ್ಸಿ ನರಸಾಪುರದ ಕಂಪ್ನಿ ಇಂಟರ್ವ್ಯೂಗೆ ಕಳ್ಸಿದ್ರೆ ಅಲ್ಲಿ ಬಾಯೇ ಬರಲ್ಲ ಪಾಪ.

ನಿಜವಾಗ್ಲೂ ತೊಡಕು ಇರೋದು ಕರ್ಮ, ಅಂದ್ರೆ ಆಬ್ಜೆಕ್ಟ್, ಎಲ್ಲಿ ಇಡ್ಬೇಕು ಅನ್ನೋದ್ರಲ್ಲಿ. ಕ್ರೇಟ್ ಎತ್ಕೊಳಿ ಅನ್ನೋಕೆ 'ಯು ಶುಡ್ ಪಿಕ್ ಅಪ್ ದ ಕ್ರೇಟ್ಸ್' ಅನ್ಬೋದು, 'ಪಿಕ್ ದ ಕ್ರೇಟ್ಸ್ ಅಪ್' ಅಂತಾನೂ ಅನ್ಬೋದು, ಎರಡೂ ಸರಿ. ಆದ್ರೆ ಕ್ರೇಟ್ಸ್ ಬದ್ಲು ದೆಮ್ ಹಾಕಿದ್ರೆ 'ಯು ಶುಡ್ ಪಿಕ್ ದೆಮ್ ಅಪ್' ಒಂದೇ ದಾರಿ, 'ಪಿಕ್ ಅಪ್ ದೆಮ್' ತಪ್ಪು, ಇಂಥದ್ರಲ್ಲಿ ಸರ್ವನಾಮ ಯಾವಾಗ್ಲೂ ಮಧ್ಯಕ್ಕೇ ಬರ್ಬೇಕು. ಟರ್ನ್ ಆಫ್, ಫಿಲ್ ಇನ್ ಇವಕ್ಕೂ ಇದೇ ಲೆಕ್ಕ. ಆದ್ರೆ ಲುಕ್ ಆಫ್ಟರ್ ಥರದ್ದನ್ನ ಬಿಡಿಸೋಕಾಗಲ್ಲ, 'ಐ ವಿಲ್ ಲುಕ್ ಆಫ್ಟರ್ ಹರ್' ಅಂತಾನೇ ಹೇಳ್ಬೇಕು, ಅಜ್ಜಿನ ನಾನೇ ನೋಡ್ಕೊತೀನಿ ಅನ್ನೋವಾಗ ಹರ್ ಅನ್ನ ಮಧ್ಯ ತುರುಕೋ ಹಂಗಿಲ್ಲ. ಯಾವುದು ಬಿಡಿಸ್ಬೋದು ಯಾವುದು ಆಗಲ್ಲ ಅಂತ ಒಂದೇ ಸೂತ್ರ ಹೇಳೋದು ಕಷ್ಟ, ಪೂರ್ತಿ ವಾಕ್ಯದ ಜೊತೆ ಕಲಿಯೋದೇ ಒಳ್ಳೇದು.

ಬೇಡ ಅನ್ನೋಕೆ ನಾಟ್ ಶುಡ್‌ಗೂ ಕ್ರಿಯಾಪದಕ್ಕೂ ಮಧ್ಯ ಬರುತ್ತೆ, 'ಯು ಶುಡ್ ನಾಟ್ ಗಿವ್ ಅಪ್'. ನಿನ್ನೆ ಲಾರಿ ಕೆಟ್ಟಿರ್ಬೋದು ಅನ್ನೋಕೆ 'ದ ಲಾರಿ ಮೈಟ್ ಹ್ಯಾವ್ ಬ್ರೋಕನ್ ಡೌನ್', ಇಲ್ಲಿ ಮೈಟ್ ಆದ್ಮೇಲೆ ಮೂಲ ರೂಪದಲ್ಲಿ ಇರೋದು ಹ್ಯಾವ್, ಅದಕ್ಕೇ ಮೈಟ್ ಹ್ಯಾಸ್ ಆಗಲ್ಲ. ಅರ್ಜಿ ತುಂಬ್ಲೇಬೇಕು ಅನ್ನೋಕೆ 'ದ ಫಾರ್ಮ್ ಮಸ್ಟ್ ಬಿ ಫಿಲ್ಡ್ ಇನ್', ಕೊನೇ ಇನ್ ಬಿಟ್ಬಿಡ್ಬೇಡಿ. ಹ್ಯಾವ್ ಟು ಮಾತ್ರ ಈ ಮೇ, ಮಸ್ಟ್ ಗುಂಪಿಗೆ ಸೇರಲ್ಲ, ಅದು ಆಳಿಗೆ ತಕ್ಕ ಹಂಗೆ ಬದಲಾಗುತ್ತೆ, 'ಐ ಹ್ಯಾವ್ ಟು ಗೆಟ್ ಅಪ್', 'ಶಿ ಹ್ಯಾಸ್ ಟು ಗೆಟ್ ಅಪ್'.