ಎಣ್ಣೆ ಡಬ್ಬದ ಆಡಿಟ್: ತೂಕ ಇಳಿಸುವ ಪ್ರಾಜೆಕ್ಟ್, 21ನೇ ವಾರ

84.9.

ಇದು ಒಂದು ದಿನದ ತೂಕ ಅಲ್ಲ, ಏಳು ದಿನದ ಸರಾಸರಿ. ಒಂದು ದಿನದ ಅಂಕಿ ನೋಡಿ ಕುಣಿಯುವ ಕಾಲ ಮುಗಿಯಿತು. ಹಿಂದಿನ ರಾತ್ರಿ ಉಪ್ಪಿನಕಾಯಿ ಜಾಸ್ತಿ ತಿಂದರೆ ಬೆಳಗ್ಗೆ ಒಂದು ಕೆಜಿ ಏರುತ್ತದೆ, ಅದು ನೀರು ಅಂತ ನಮಗೆಲ್ಲ ಗೊತ್ತೇ ಇದೆ. ಆದರೆ ಸಂಕ್ರಾಂತಿಯಿಂದ ಏಳು ವಾರ ಈ ಸರಾಸರಿಯೇ ಗೂಟಕ್ಕೆ ಕಟ್ಟಿದ ಎಮ್ಮೆ ಥರ 86.4ರಿಂದ 86.1ರವರೆಗೆ ಬಂದು ನಿಂತುಬಿಟ್ಟಿತ್ತು. ಕೊನೆಗೂ ಹಗ್ಗ ಬಿಚ್ಚಿದೆ. ಯಾರು ಕಟ್ಟಿದ್ದರು ಅನ್ನೋದೇ ಇವತ್ತಿನ ಕಥೆ. ಮಾರ್ಚ್ 31 ತಲೆ ಮೇಲೆ ಕೂತಿದೆ, ಆಫೀಸಿನಲ್ಲಿ ಫೈಲುಗಳ ಗುಡ್ಡ ಇದೆ, ಆದರೂ ಬರೆಯದಿದ್ದರೆ ನಿದ್ದೆ ಬರಲ್ಲ.

ಹೊಸಬರಿಗೆ ಎರಡು ಸಾಲು. ದೀಪಾವಳಿ ಮುಗಿದ ಸೋಮವಾರ 91.8 ಕೆಜಿ ಇದ್ದೆ. ಎತ್ತರ 170 ಸೆಂ.ಮೀ. ನಮ್ಮ ದೇಶದ ಅಳತೆಯಲ್ಲಿ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಹೋಲಿಸುವ ಅಂಕಿ, 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ನನ್ನದು 31.8. ಎರಡೂ ಗೇಟು ದಾಟಿ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ಸಂಕ್ರಾಂತಿ ಹೊತ್ತಿಗೆ 86.4. ಅಲ್ಲಿಗೆ ಬ್ರೇಕ್.

ಜಿಮ್ಮಿಗೆ ಯಾಕೆ ಹೋಗಲ್ಲ ಅಂತ ಕೇಳಬೇಡಿ. ಹೆಂಡತಿ ನಂಜನಗೂಡಿನ ಕಡೆ ಟೀಚರ್, ಬೆಳಗ್ಗೆ ಏಳಕ್ಕೆ ಬಸ್ಸು. ಹಾಗಾಗಿ ಬೆಳಗಿನ ಪಾಳಿ ನನ್ನದು. ದೊಡ್ಡವಳಿಗೆ ಜಡೆ, ಚಿಕ್ಕವನಿಗೆ ಸ್ನಾನ, ಇಬ್ಬರಿಗೂ ತಿಂಡಿ, ಎರಡು ಡಬ್ಬಿ, ಎಂಟೂಕಾಲಿಗೆ ವ್ಯಾನು. ಒಂದು ಶೂ ಯಾವತ್ತೂ ಸಿಗಲ್ಲ. ಆಮೇಲೆ ನನ್ನ ಕೆಲಸ. ಲೆಕ್ಕಪತ್ರದವನು ನಾನು, ತಿಂಗಳಿಗೆ 11ನೇ ತಾರೀಖು ಒಂದು ರಿಟರ್ನ್, 20ನೇ ತಾರೀಖು ಇನ್ನೊಂದು. ನನ್ನ ತೂಕದ ಗ್ರಾಫ್ ನೋಡಿ ಜಿಎಸ್‌ಟಿ ಕ್ಯಾಲೆಂಡರ್ ಹೇಳಬಹುದು. ವ್ಯಾಯಾಮ ಅಂದರೆ ತಾರಸಿ ಮೇಲೆ ಕ್ಲೈಂಟ್ ಜೊತೆ ಫೋನಿನಲ್ಲಿ ಜಗಳ ಆಡುತ್ತಾ ಓಡಾಡೋದು.

ಸರಿ, ಸಮಸ್ಯೆಗೆ ಬರೋಣ.

ಸಂಕ್ರಾಂತಿ ನಂತರ ನಾನು ಬರೆದಿಟ್ಟ ಊಟ ದಿನಕ್ಕೆ 1,750 ಕ್ಯಾಲೊರಿ. ನನ್ನ ತೂಕ, ವಯಸ್ಸು, ಈ ಕುರ್ಚಿ ಕೆಲಸಕ್ಕೆ ಸೂತ್ರ ಹಾಕಿದರೆ ಖರ್ಚು ಸುಮಾರು 2,300. ದಿನಕ್ಕೆ 550 ಕೊರತೆ. ಒಂದು ಕೆಜಿ ಕೊಬ್ಬಿಗೆ 7,700 ಅಂತ ಹಿಡಿದರೆ ಏಳು ವಾರಕ್ಕೆ ಮೂರೂವರೆ ಕೆಜಿ ಇಳಿಯಬೇಕಿತ್ತು. ಇಳಿದದ್ದು 300 ಗ್ರಾಂ. ಅಂದರೆ ದಿನಕ್ಕೆ 500 ಕ್ಯಾಲೊರಿ ಎಲ್ಲೋ ರಸೀದಿ ಇಲ್ಲದೆ ಒಳಗೆ ಬರುತ್ತಿದೆ. ಯಾವುದಾದರೂ ಅಂಗಡಿಯ ಪುಸ್ತಕದಲ್ಲಿ ಇಷ್ಟು ವ್ಯತ್ಯಾಸ ಕಂಡಿದ್ದರೆ ಮಾಲೀಕರನ್ನು ಕೂರಿಸಿ ಎರಡು ಮಾತು ಕೇಳುತ್ತಿದ್ದೆ.

ಮೊದಲು ಎಲ್ಲರ ಹಾಗೆ ಥೈರಾಯ್ಡ್ ಮೇಲೆ ಅನುಮಾನ. ರಕ್ತ ಪರೀಕ್ಷೆ ಮಾಡಿಸಿದೆ, ಥೈರಾಯ್ಡ್ ಹೇಗಿದೆ ಅಂತ ಹೇಳುವ ಟಿಎಸ್‌ಎಚ್ ಸರಿಯಾಗಿತ್ತು. ಬೇಜಾರಾಯಿತು, ನಿಜ ಹೇಳ್ತೀನಿ. ಆಮೇಲೆ ತೂಕದ ಮಷೀನು. ಬಚ್ಚಲ ಮನೆ ಎದುರಿನ ಟೈಲ್ಸ್ ಒಂದು ಕಡೆ ತಗ್ಗು, ಅಲ್ಲಿಂದ ಹಾಲ್‌ಗೆ ತಂದೆ. 200 ಗ್ರಾಂ ಜಾಸ್ತಿಯೇ ತೋರಿಸಿತು. ವಾಪಸ್ ಇಟ್ಟೆ. ಈ ಮಷೀನು ಕಾಲಿಗೆ ಸಣ್ಣ ಕರೆಂಟು ಹರಿಸಿ ಮೈಯಲ್ಲಿನ ಕೊಬ್ಬನ್ನೂ ಹೇಳುತ್ತದಂತೆ. ಒದ್ದೆ ಕಾಲಲ್ಲಿ ನಿಂತರೆ ಒಂದು ಲೆಕ್ಕ, ಒಣ ಕಾಲಲ್ಲಿ ಇನ್ನೊಂದು. ನನ್ನ ‘ದೇಹದ ವಯಸ್ಸು’ 58 ಅಂತ ತೋರಿಸಿದ ದಿನ ಆ ಸಾಲನ್ನೇ ಆಫ್ ಮಾಡಿದೆ. ನನಗೆ 41.

1992ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಅಧ್ಯಯನ ಆಗಿತ್ತು. ಎಷ್ಟು ಕಡಿಮೆ ತಿಂದರೂ ಇಳಿಯಲ್ಲ ಅನ್ನುತ್ತಿದ್ದ ಹತ್ತು ಜನರನ್ನು ಅಳೆದು ನೋಡಿದರು. ಅವರು ಬರೆದುಕೊಟ್ಟದ್ದು ತಿಂದದ್ದಕ್ಕಿಂತ ಸರಾಸರಿ ಶೇ. 47 ಕಡಿಮೆ ಇತ್ತು. ಮೊದಲ ಸಲ ಓದಿದಾಗ ಸುಳ್ಳುಗಾರರು ಅಂದುಕೊಂಡಿದ್ದೆ. ಈಗ ಆ ಸಾಲಿನಲ್ಲಿ ಹನ್ನೊಂದನೆಯವನಾಗಿ ನಿಲ್ಲೋಕೆ ನನಗೂ ಜಾಗ ಇದೆ.

ಮುಂದಿನ ಅನುಮಾನ ಅಮ್ಮನ ಮೇಲೆ. ರಾತ್ರಿ ಅಡುಗೆ ಅಮ್ಮನದು. ಅಮ್ಮ ಒಗ್ಗರಣೆಗೆ ಎಣ್ಣೆ ಹಾಕುವಾಗ ಅಳತೆ ಇಲ್ಲ, ಕೈ ತಾನಾಗಿ ನಿಲ್ಲಬೇಕು. ಜೊತೆಗೆ ‘ಸೊರಗಿ ಹೋಗಿದೀಯ, ಇನ್ನೊಂದು ಸೌಟು ಹುಳಿ ಹಾಕ್ಕೋ’ ಅನ್ನೋ ಮಾತು. 86 ಕೆಜಿಯವನನ್ನು ಸೊರಗಿದ್ದಾನೆ ಅನ್ನೋಕೆ ಲೋಕದಲ್ಲಿ ಒಬ್ಬಳಿಗೇ ಸಾಧ್ಯ. ಕೇಸು ಗಟ್ಟಿ ಇದೆ ಅನಿಸಿತು. ಸಾಕ್ಷಿ ಬೇಕಿತ್ತು.

ಸಾಕ್ಷಿಗೆ ತಕ್ಕಡಿ ಬೇಕು. ಇಲ್ಲಿ ನಾಲ್ಕು ಮಾತು ಬೈಯದೆ ಮುಂದೆ ಹೋಗಲ್ಲ. ಮೊದಲ ಅಡುಗೆ ತಕ್ಕಡಿ ಆನ್‌ಲೈನಲ್ಲಿ ತರಿಸಿದ್ದು. ಪೆಟ್ಟಿಗೆ ಮೇಲೆ ‘10 ಕೆಜಿವರೆಗೆ, 1 ಗ್ರಾಂ ನಿಖರ’ ಅಂತ ಬರೆದಿತ್ತು. ಬಾಣಲೆ ಇಟ್ಟು ಸೊನ್ನೆ ಮಾಡಿ, ಎಣ್ಣೆಯನ್ನು ಸಣ್ಣಗೆ ಬಿಟ್ಟೆ. ಸೊನ್ನೆ. ಇನ್ನೂ ಬಿಟ್ಟೆ. ಸೊನ್ನೆ. ಎರಡು ಚಮಚ ಬಿದ್ದ ಮೇಲೆ ‘3’ ಅಂತ ತೋರಿಸಿ, ನಿಮಿಷ ತುಂಬಿತು ಅಂತ ಆಫ್ ಆಯಿತು. ವಾಪಸ್ ಕಳಿಸಿದರೆ ‘ಪರೀಕ್ಷಿಸಿದ್ದೇವೆ, ದೋಷ ಇಲ್ಲ’ ಅಂತ ಅದನ್ನೇ ತಿರುಗಿ ಕಳಿಸಿದರು. ಎರಡನೆಯದನ್ನು ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ತಗೊಂಡೆ. ಅಂಗಡಿಯವರು ನಾಣ್ಯ ಇಟ್ಟು ತೋರಿಸಿದರು, ಸರಿಯಾಗೇ ಇತ್ತು. ಮನೆಗೆ ಬಂದು ಎಣ್ಣೆ ಬಿಟ್ಟರೆ ಇದಕ್ಕೂ ಅದೇ ರೋಗ!

ಆಮೇಲೆ ಗೊತ್ತಾಯಿತು, ಕಾಯಿಲೆ ತಕ್ಕಡಿಯದ್ದಲ್ಲ, ಸ್ವಭಾವ. ಸೊನ್ನೆಯ ಹತ್ತಿರ ನಿಧಾನವಾಗಿ ಏನಾದರೂ ಬದಲಾದರೆ, ಇದು ತೂಕ ಅಲ್ಲ, ನನ್ನೊಳಗಿನ ತೂಕ ಅಳೆಯುವ ಸೆಲ್ ಸ್ವಲ್ಪ ಜಾರಿದೆ ಅಂದುಕೊಂಡು ಈ ತಕ್ಕಡಿಗಳು ಮತ್ತೆ ಸೊನ್ನೆಗೆ ಎಳೆದುಕೊಳ್ಳುತ್ತವೆ. ನಾಣ್ಯ ಧಪ್ಪನೆ ಬೀಳುತ್ತದೆ, ಅದಕ್ಕೆ ಕಾಣುತ್ತದೆ. ಎಣ್ಣೆ ದಾರದ ಹಾಗೆ ಇಳಿಯುತ್ತದೆ, ಕಾಣಲ್ಲ. ಉಪಾಯ ಸುಲಭ. ಬಾಣಲೆಯನ್ನು ತೂಗಬೇಡಿ, ಡಬ್ಬವನ್ನು ತೂಗಿ. ಡಬ್ಬ ಇಟ್ಟು ಸೊನ್ನೆ ಮಾಡಿ, ಎತ್ತಿ ಬಳಸಿ, ವಾಪಸ್ ಇಡಿ. ಮೈನಸ್ 14 ಅಂದರೆ 14 ಗ್ರಾಂ ಹೋಯಿತು. ಬೇಗ ಆಫ್ ಆಗುವ ತಕ್ಕಡಿಯಾದರೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ತೂಗಿ ಕಳೆಯಿರಿ, ಸಾಕು.

ಡಬ್ಬ ತೂಗೋದು ಅಂತ ಹೊಳೆದ ಕೂಡಲೇ ನಗು ಬಂತು. ಇಪ್ಪತ್ತು ವರ್ಷದಿಂದ ಊರವರ ಗೋದಾಮಿನಲ್ಲಿ ಮಾಡುತ್ತಿರುವುದೇ ಇದು ಅಲ್ವಾ? ಆರಂಭದ ದಾಸ್ತಾನು, ಅದಕ್ಕೆ ಖರೀದಿ ಸೇರಿಸಿ, ಕೊನೆಯ ದಾಸ್ತಾನು ಕಳೆದರೆ ಬಳಕೆ. ಬಾಯಿಗೆ ಹೋದದ್ದನ್ನು ಬರೆಯುವವನು ಮರೆಯಬಹುದು, ಡಬ್ಬ ಮರೆಯಲ್ಲ.

ಭಾನುವಾರ ರಾತ್ರಿ ಡಬ್ಬದಲ್ಲಿ 640 ಗ್ರಾಂ ಎಣ್ಣೆ. ವಾರದಲ್ಲಿ ಎರಡು ಲೀಟರ್ ಪ್ಯಾಕೆಟ್ ಬಂತು. ಲೀಟರ್ ಅಂದರೆ ಒಂದು ಕೆಜಿ ಅಲ್ಲ, 910 ಗ್ರಾಂ. ಎರಡಕ್ಕೆ 1,820. ಮುಂದಿನ ಭಾನುವಾರ ಉಳಿದದ್ದು 1,340. ಬಳಕೆ 1,120 ಗ್ರಾಂ, ದಿನಕ್ಕೆ 160. ದೇವರ ದೀಪದ ಎಣ್ಣೆ ಬೇರೆ, ಅದು ಇದರಲ್ಲಿಲ್ಲ. ನನ್ನ ಪಾಲು ಕಾಲು ಭಾಗ ಅಂದರೂ 40 ಗ್ರಾಂ. ನಾನು ಬರೆಯುತ್ತಿದ್ದದ್ದು 15. ವ್ಯತ್ಯಾಸ 25 ಗ್ರಾಂ, ಗ್ರಾಮಿಗೆ 9ರಂತೆ 225 ಕ್ಯಾಲೊರಿ. ಅರ್ಧ ಕಳ್ಳ ಸಿಕ್ಕಿಬಿದ್ದ.

ಅಮ್ಮನ ಮುಂದೆ ಹಾಳೆ ಇಡೋಕೆ ಹೊರಟವನು ಒಂದು ನಿಮಿಷ ತಡೆದೆ. ಆಡಿಟ್ ಅಂದ ಮೇಲೆ ಪಾಳಿವಾರು ಲೆಕ್ಕ ಬೇಕಲ್ಲ. ಅದನ್ನೂ ಬರೆದಿದ್ದೆ, ಬೆಳಗ್ಗೆ ಒಂಬತ್ತಕ್ಕೆ ಒಂದು ತೂಕ, ರಾತ್ರಿ ಒಂಬತ್ತಕ್ಕೆ ಒಂದು. ಕೂಡಿಸಿ ನೋಡಿರಲಿಲ್ಲ. ಕೂಡಿಸಿದೆ.

ಅಮ್ಮನ ಪಾಳಿಯಲ್ಲಿ ಹುಳಿ, ಪಲ್ಯ, ಒಗ್ಗರಣೆ ಎಲ್ಲ ಸೇರಿ ದಿನಕ್ಕೆ 65 ಗ್ರಾಂ. ಬೆಳಗಿನ ಪಾಳಿಯಲ್ಲಿ 95 ಗ್ರಾಂ.

ಬೆಳಗಿನ ಪಾಳಿ ಯಾರದು ಅಂತ ಮೇಲೆ ಬರೆದಿದ್ದೀನಿ.

ದೋಸೆ, ಅಕ್ಕಿರೊಟ್ಟಿ, ಮತ್ತೆ ದೋಸೆ. ವ್ಯಾನು ಬರೋಕೆ ಹತ್ತು ನಿಮಿಷ ಇದೆ, ಚಿಕ್ಕವನು ಶೂ ಹುಡುಕುತ್ತಿದ್ದಾನೆ, ನಾನು ಒಂದು ಕೈಯಲ್ಲಿ ಜಡೆ ಹಿಡಿದು ಇನ್ನೊಂದು ಕೈಯಲ್ಲಿ ಕಾವಲಿ ಸುತ್ತ ಎಣ್ಣೆ ಸುತ್ತಿಸುತ್ತೇನೆ. ಅಂಟಿಕೊಂಡರೆ ಮತ್ತೆ ಹುಯ್ಯೋ ಹೊತ್ತಿಲ್ಲ, ಹಾಗಾಗಿ ಮೊದಲೇ ಧಾರಾಳ. ಹನ್ನೆರಡು ದೋಸೆಗೆ ಹಂಚಿದರೆ ತಲಾ 8 ಗ್ರಾಂ. ನಾನು ಬರೆಯುತ್ತಿದ್ದದ್ದು ಕ್ಯಾಲೊರಿ ಲೆಕ್ಕದ ಆಪ್‌ನಲ್ಲಿ ಸಿಗುವ ‘ಸಾದಾ ದೋಸೆ, 1’. ಅದು ಯಾರ ಮನೆಯ ದೋಸೆಯೋ ಏನೋ, ನಮ್ಮ ಮನೆಯದ್ದಂತೂ ಅಲ್ಲ.

ಹಾಗಾದರೆ ಮೊದಲ ಹತ್ತು ವಾರ ಹೇಗೆ ಇಳಿಯಿತು ಅಂತ ಕೇಳ್ತೀರಿ. ಆಗ ಬೆಳಗ್ಗೆ ನನಗೆ ಬೇಯಿಸಿದ ಮೊಟ್ಟೆ, ರಾಗಿ ಗಂಜಿ. ಬರೆದ ಲೆಕ್ಕವೂ 1,500. ಸಂಕ್ರಾಂತಿ ದಿನ ದೊಡ್ಡವಳು, ‘ಅಪ್ಪ, ನೀನ್ಯಾಕೆ ನಮ್ ಜೊತೆ ತಿನ್ನಲ್ಲ?’ ಅಂದಳು. ಅವತ್ತಿನಿಂದ ಕೂತು ಮಕ್ಕಳ ತಿಂಡಿಯನ್ನೇ ತಿನ್ನೋಕೆ ಶುರು ಮಾಡಿದೆ. ಅದನ್ನು ಬಿಡೋ ಯೋಚನೆ ಇಲ್ಲ.

ಅಮ್ಮನ ಹತ್ತಿರ ಹೋಗಿ ಹಾಳೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದಳು. ‘ಏನಪ್ಪಾ ಆಡಿಟರ್ರೇ, ಕಳ್ಳ ಮನೆಯವನೇನಾ?’ ಅಂದಳು. ಆಮೇಲೆ ದೂರದಲ್ಲಿರೋ ನನ್ನ ತಂಗಿಗೆ ಫೋನ್ ಮಾಡಿ ಇಡೀ ಕಥೆ ಎರಡು ಸಲ ಹೇಳಿದಳು.

ಪರಿಹಾರವನ್ನೂ ಅಮ್ಮನೇ ಹೇಳಿದಳು, ಅದೇ ಮರ್ಯಾದೆ ಹೋಗೋ ವಿಷಯ. ಈರುಳ್ಳಿ ಅರ್ಧ ಕತ್ತರಿಸಿ ಫೋರ್ಕಿಗೆ ಚುಚ್ಚಿ, ಎಣ್ಣೆಗೆ ಅದ್ದಿ ಕಾವಲಿಗೆ ಉಜ್ಜೋದು. ನಮ್ಮಜ್ಜಿ ಮಾಡುತ್ತಿದ್ದದ್ದು ಇದೇ. ಮೊದಲ ಎರಡು ದಿನ ದೋಸೆ ಎದ್ದೇ ಬರಲಿಲ್ಲ, ಮಕ್ಕಳು ಉಪ್ಪಿಟ್ಟಿನ ಥರ ಬಾಚಿ ತಿಂದರು. ನಾನು ಕಾವಲಿಯನ್ನು ಸೋಪು ಹಾಕಿ ತಿಕ್ಕುತ್ತಿದ್ದದ್ದೇ ತಪ್ಪಂತೆ. ಈಗ ಬರೀ ಬಟ್ಟೆಯಲ್ಲಿ ಒರೆಸಿ ಇಡುತ್ತೇನೆ. ಮೂರು ವಾರದಿಂದ ಬೆಳಗಿನ ಪಾಳಿ 35 ಗ್ರಾಮಿಗೆ ಇಳಿದಿದೆ. ಅಕ್ಕಿರೊಟ್ಟಿಗೆ ಮಾತ್ರ ರಾಜಿ ಇಲ್ಲ. ಎಣ್ಣೆ ಇಲ್ಲದ ಅಕ್ಕಿರೊಟ್ಟಿ ತಿನ್ನೋದಕ್ಕಿಂತ 86 ಕೆಜಿಯೇ ವಾಸಿ. ವಾರಕ್ಕೆ ಒಂದು ದಿನ, ಲೆಕ್ಕ ಬರೆದು.

ಇಷ್ಟರಲ್ಲಿ ಮುಂದಿನ ಪ್ರಾಜೆಕ್ಟ್ ತಲೆಗೆ ಹತ್ತಿದೆ. ಎಣ್ಣೆ ಡಬ್ಬದ ಕೆಳಗೆ ತೂಕ ಅಳೆಯೋಕೆ 5 ಕೆಜಿಯ ಲೋಡ್ ಸೆಲ್, ಅದರ ಸಿಗ್ನಲ್ಲನ್ನು ಅಂಕಿ ಮಾಡೋಕೆ ಎಚ್‌ಎಕ್ಸ್‌711 ಬೋರ್ಡು, ಲೆಕ್ಕ ಇಡೋಕೆ ಇಎಸ್‌ಪಿ32 ಅನ್ನೋ ಪುಟಾಣಿ ಕಂಪ್ಯೂಟರ್ ಚಿಪ್ಪು. ಡಬ್ಬ ಎತ್ತಿ ವಾಪಸ್ ಇಟ್ಟ ತಕ್ಷಣ ಎಷ್ಟು ಹೋಯಿತು ಅಂತ ತಾನೇ ಬರೆದುಕೊಳ್ಳಬೇಕು. ಸೊನ್ನೆಗೆ ಎಳೆದುಕೊಳ್ಳುವ ಬುದ್ಧಿವಂತಿಕೆ ಬೇಡವೇ ಬೇಡ, ಕೋಡ್ ನನ್ನದೇ ತಾನೆ. ತರಿಸಿದ ಮೊದಲ ಸೆಲ್‌ನಲ್ಲಿ ಒಂದು ವೈರು ಕಿತ್ತೇ ಬಂದಿತ್ತು, ಮಾರಿದವರು ಫೋಟೋ ಕೇಳಿದರು, ವಿಡಿಯೋ ಕೇಳಿದರು, ಈಗ ಮಾತೇ ಇಲ್ಲ. ಏಪ್ರಿಲಲ್ಲಿ ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲೇ ಕೈಯಲ್ಲಿ ಹಿಡಿದು ನೋಡಿ ತರುತ್ತೇನೆ. ಹೆಂಡತಿಗೆ ಹೇಳಿದೆ. ‘ಮೊದಲು ಬಚ್ಚಲ ನಲ್ಲಿ ರಿಪೇರಿ ಮಾಡಿ’ ಅಂದಳು.

ಬಾಕಿ ಲೆಕ್ಕ. 500ರಲ್ಲಿ 225 ಎಣ್ಣೆ. ತೆಂಗಿನಕಾಯಿಗೂ ಅದೇ ದಾಸ್ತಾನು ಲೆಕ್ಕ ಹಾಕಿದೆ, ವಾರಕ್ಕೆ ನಾಲ್ಕು ಕಾಯಿ. ಆಪ್‌ನ ‘ಸಾಂಬಾರ್, 1 ಬಟ್ಟಲು’ ಬೇಳೆ ನೀರು ಇದ್ದ ಹಾಗಿದೆ. ನಮ್ಮ ಹುಳಿಗೆ ಕಾಯಿ ರುಬ್ಬಿ ಹಾಕುತ್ತಾರೆ ಅನ್ನೋದು ಅದಕ್ಕೇನು ಗೊತ್ತು! ಅಲ್ಲಿ ಸುಮಾರು 80. ಉಳಿದದ್ದು 195.

ಅದು ಎಲ್ಲಿದೆ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ಸಂಜೆ ನಾಲ್ಕೂಕಾಲಿಗೆ ವ್ಯಾನಿನಿಂದ ಇಳಿಯುವ ಎರಡು ಊಟದ ಡಬ್ಬಿಗಳಲ್ಲಿ. ತೊಳೆಯೋಕೆ ಅಂತ ತೆರೆಯುತ್ತೇನೆ. ಒಳಗೆ ಅರ್ಧ ಚಿತ್ರಾನ್ನ, ಕಚ್ಚಿ ಬಿಟ್ಟ ಚಪಾತಿ. ಅನ್ನ ಬಿಸಾಡಬಾರದು ಅಂತ ಬೆಳೆದವರು ನಾವು. ಸಿಂಕಿನ ಮುಂದೆ ನಿಂತು ತಿಂದದ್ದು ಊಟದ ಲೆಕ್ಕಕ್ಕೆ ಬರಲ್ಲ ಅಂತ ಯಾರು ಹೇಳಿದರೋ, ನಾನಂತೂ ನಂಬಿದ್ದೆ. ಒಂದು ವಾರ ತೂಗಿದೆ. ದಿನಕ್ಕೆ ಸರಾಸರಿ 100 ಗ್ರಾಂ, ಸುಮಾರು 180 ಕ್ಯಾಲೊರಿ. ಉಳಿದ 15 ಸಸ್ಪೆನ್ಸ್ ಖಾತೆಗೆ, ಅಂದರೆ ತಾಳೆ ಆಗದ್ದನ್ನು ಸದ್ಯಕ್ಕೆ ಹಾಕಿಡುವ ಲೆಕ್ಕಕ್ಕೆ. ಇಷ್ಟು ಚೆನ್ನಾಗಿ ತಾಳೆ ಬಂದ ಲೆಕ್ಕವನ್ನು ಬೇರೆಯವರು ತಂದಿದ್ದರೆ ನಾನೇ ನಂಬುತ್ತಿರಲಿಲ್ಲ, ಒಂದೆರಡು ಅಂಕಿ ಅಂದಾಜು ಅಂತ ಒಪ್ಪಿಕೊಳ್ಳುತ್ತೇನೆ.

ಡಬ್ಬಿಗೆ ಇನ್ನೂ ಮದ್ದು ಸಿಕ್ಕಿಲ್ಲ. ಕಡಿಮೆ ಹಾಕಿ ಕಳಿಸಿದರೆ ದೊಡ್ಡವಳು ಸ್ನೇಹಿತೆಯರ ಜೊತೆ ಹಂಚಿಕೊಳ್ಳೋಕೆ ಸಾಲಲ್ಲ ಅನ್ನುತ್ತಾಳೆ. ಚಿಕ್ಕವನ ಡಬ್ಬಿಯಲ್ಲಿ ಎಷ್ಟು ಹಾಕಿದರೂ ಅರ್ಧ ಬರುತ್ತದೆ, ಅದು ಗಣಿತವನ್ನೂ ಮೀರಿದ್ದು. ಸದ್ಯಕ್ಕೆ ಒಂದೇ ನಿಯಮ, ಬಾಯಿಗೆ ಹಾಕೋ ಮುಂಚೆ ತಕ್ಕಡಿಗೆ ಹಾಕೋದು. ಇವತ್ತು ದೊಡ್ಡವಳದು ಖಾಲಿ. ಚಿಕ್ಕವನದು ತುಪ್ಪ ಸಕ್ಕರೆ ಹಾಕಿ ಸುತ್ತಿದ ಚಪಾತಿ, 62 ಗ್ರಾಂ. ಬರೆದುಕೊಂಡೆ, ತಿಂದೆ. ಯುಗಾದಿ ಹೋಳಿಗೆಗೆ ಅಮ್ಮ ಬೇಳೆ ತರಿಸಿದ್ದಾಳೆ, ಎರಡು ಕೆಜಿ.